ಅಮಾವಾಸ್ಯೆ ತಪ್ಪಿಸಿ ಕಡಲಿಗೆ ಹೋದದ್ದು

2022ರಲ್ಲಿ ಸೊರಬದಲ್ಲಿ ನನ್ನ ಎರಡು ಬಾಡಿಗೆ ಗಾಡಿಗಳು ಓಡುತ್ತಿದ್ದವು. ಕ್ಲೀನರ್ ಆಗಿ ಶುರು ಮಾಡಿ ಮಾಲೀಕನಾದವನು ನಾನು. ಗಿರಾಕಿಯನ್ನು ಒಪ್ಪಿಸುವುದರಲ್ಲಿ ಸೋತದ್ದು ಕಡಿಮೆ.

ಆ ವರ್ಷದ ಮದುವೆ ಸೀಸನ್ನಿನಲ್ಲಿ ಶಿಕಾರಿಪುರದ ಕಾವ್ಯ ಎಂಬ ಎಂ.ಎಸ್ಸಿ. ವಿದ್ಯಾರ್ಥಿನಿ ಬಂದಳು. ಕುಮಟಾ ಕಡೆಯ ಬಂಡೆಗಳ ಮೇಲಿನ ಕಡಲಪಾಚಿ, ಬಸವನಹುಳು ಎಣಿಸಿ ಅವಳು ವರದಿ ಬರೆಯಬೇಕಿತ್ತು.

"ಅಮಾಸೆ ದಿನ, ಸಂಜಿ ನಾಕೂವರೆ ಅಂತ ನಮ್ಮ ಕಾಲೇಜಿನ ಗೈಡ್ ಬರ್ದಾರ್ರೀ."

"ಅಮಾಸೆಗೆ ನಮ್ಮ ಗಾಡಿ ಪೂಜೆ ಕಣವ್ವಾ, ದೂರ ಹೋಗಲ್ಲ. ಏಳು ದಿನ ಬಿಟ್ಟು ಹೋಗಾಣ. ಸಮುದ್ರ ಎಲ್ಲಿಗೆ ಓಡಿಹೋಗುತ್ತೆ?"

ಒಪ್ಪಿದಳು. ಕೆರೆ ನೋಡಿ ಬೆಳೆದವರು ನಾವಿಬ್ಬರೂ. ಮಳೆಗಾಲಕ್ಕೆ ತುಂಬುತ್ತದೆ, ಬೇಸಿಗೆಗೆ ಇಳಿಯುತ್ತದೆ. ನಮಗೆ ನೀರಿನ ಲೆಕ್ಕ ಅಷ್ಟೇ.

ಅಷ್ಟಮಿಯ ಸಂಜೆ ದಡ ತಲುಪಿದಾಗ ಬಂಡೆಗಳೇ ಕಾಣಲಿಲ್ಲ, ಮೇಲೆಲ್ಲ ನೀರು. ಸಂತೆಯಿಂದ ಬುಟ್ಟಿ ಹಿಡಿದು ಮನೆಗೆ ಹೊರಟಿದ್ದ, ಚಿಪ್ಪು ಆಯುವ ಹೆಂಗಸು ನಕ್ಕಳು: "ಅಷ್ಟಮಿಗೆ ಎಂತ ಸಿಗ್ತದ್ರಾ? ನೀರು ಪೂರ್ತಿ ಇಳಿಯೂದು ಅಮಾಸೆಗೆ, ಹುಣ್ಣಿಮೆಗೆ."

ಕಾವ್ಯಳ ಕಣ್ಣು ತುಂಬಿತು. "ವರದಿ ಕೊಡಾಕ ಹತ್ತ ದಿನ ಐತಿ ಅಣ್ಣಾ. ಇದಿಲ್ದಿದ್ರೆ ಒಂದು ವರ್ಷ ಹೋತು."

ನಾನು ಅವಳನ್ನು ಒಪ್ಪಿಸಿದ್ದೆ, ಸಮುದ್ರವನ್ನಲ್ಲ. ಹುಣ್ಣಿಮೆಗೆ ಏಳು ದಿನವಿತ್ತು. ಅಂದು ನನ್ನ ಎರಡೂ ಗಾಡಿ ಮದುವೆಯೊಂದಕ್ಕೆ ಬುಕ್ ಆಗಿದ್ದವು. ನಮ್ಮ ಸ್ಟ್ಯಾಂಡಿನಲ್ಲೇ ನನಗೆ ಪೈಪೋಟಿ ಕೊಡುವ ಮಂಜಣ್ಣನ ಹತ್ತಿರ ಹೋಗಿ, ಮದುವೆಗೆ ಒಂದು ಗಾಡಿ ನೀನು ಕಳಿಸು ಎಂದೆ.

"ಏನೋ ಮಾರಾಯಾ, ಬಸವನಹುಳಕ್ಕೆ ಮದುವೆ ಬಿಡ್ತೀಯಾ?" ಎಂದು ಸ್ಟ್ಯಾಂಡೆಲ್ಲ ಕೇಳುವಂತೆ ನಕ್ಕ. ಆದರೆ ಗಾಡಿ ಕಳಿಸಿದ.

ಹುಣ್ಣಿಮೆಯ ಸಂಜೆ ಕಡಲು ಹಿಂದೆ ಸರಿಯಿತು. ಕಾವ್ಯ ಅರ್ಧ ಮೀಟರ್ ಉದ್ದಗಲದ ಚೌಕಟ್ಟು ಇಟ್ಟಳು. ಕ್ವಾಡ್ರಾಟ್ ಅನ್ನುತ್ತಾರೆ, ಅದರೊಳಗಿನದನ್ನಷ್ಟೇ ಎಣಿಸಬೇಕು. ನಾನು ಟೇಪ್ ಹಿಡಿದೆ. ಮೇಲಿನ ಒಣ ಬಂಡೆಯಲ್ಲಿ ಮೆಣಸಿನ ಕಾಳಿನಷ್ಟು ಹುಳುಗಳು, ನಡುವೆ ಹಸಿರು ಪಾಚಿ, ತೀರಾ ಕೆಳಗೆ ಕಂದು, ಕೆಂಪು ಪಾಚಿಯ ಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಹುಳುಗಳು. ಆ ಕೆಳಗಿನ ಪಟ್ಟಿಯೇ ಅವಳಿಗೆ ಮುಖ್ಯ. ಕೊನೆಯ ಚೌಕ ಮುಗಿಯುವಾಗ ನೀರು ನಮ್ಮ ಮೊಣಕಾಲಿಗೆ ಬಂದಿತ್ತು.

"ಆತು ಅಣ್ಣಾ!" ಎಂದು ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡೇ ದಡಕ್ಕೆ ಓಡಿದಳು. ವರದಿ ಹೊತ್ತಿಗೆ ಸರಿಯಾಗಿ ಹೋಯಿತು.

ವ್ಯಾಪಾರ ಮಾಡುವವರಿಗೆ ನನ್ನ ಮಾತು ಇಷ್ಟೇ: ಬಾಡಿಗೆಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಗಿರಾಕಿ ಇಂಥದೇ ದಿನ ಬೇಕು ಎಂದರೆ ಮಾತ್ರ, ಮೊದಲು ಯಾಕೆಂದು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ, ಗೊತ್ತಿರುವವರಿಗೆ ಅಲ್ಲೇ ಫೋನ್ ಮಾಡಿಸಿ.