ಹಿಮ್ಮಡಿ ನಿಂತದೇನು?

ಯಾರಾದರೂ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತರೆ ನಾನು ಇವತ್ತಿಗೂ ಅವರ ಮುಖ ನೋಡುವುದಿಲ್ಲ, ಹಿಮ್ಮಡಿ ನೋಡುತ್ತೇನೆ. ಸಂತೆಯಲ್ಲಿ ಬದನೆಕಾಯಿ ಆರಿಸುವ ಹೆಂಗಸರು ನನ್ನನ್ನು ಏನೆಂದು ತಿಳಿದಿದ್ದಾರೋ! ನನ್ನ ಹೆಂಡತಿ ಬೈದು ಬೈದು ಸಾಕಾಗಿ, ಈಗ ಸಂತೆಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದಾಳೆ. ಇದೊಂದು ಚಟವೆಂದು ಅವಳ ತಿಳಿವಳಿಕೆ. ಒಳಗಿನ ಹೆದರಿಕೆ ನನಗೊಬ್ಬನಿಗೇ ಗೊತ್ತು.

ಆಗ ನಿಜಾಮರ ಕಾಲ. ಕಲಬುರಗಿ ಕೋಟೆಯ ಹಿಂದಿನ ಓಣಿಯಲ್ಲಿ ನಮ್ಮ ತಾಲೀಮು, ಅಂದರೆ ಕುಸ್ತಿ ಕಲಿಸುವ ಮನೆ. ನಮ್ಮ ಉಸ್ತಾದರು ಪರೀಕ್ಷೆ ಮಾಡದೆ ಯಾರನ್ನೂ ಕಣಕ್ಕೆ ಇಳಿಸುತ್ತಿರಲಿಲ್ಲ. ಹಾಸುಗಲ್ಲಿನ ಮೇಲೆ ಕುಳ್ಳಿನ ಬೂದಿ ಹರಡಿ, ಪೈಲ್ವಾನನನ್ನು ಬರಿಗಾಲಲ್ಲಿ ನಿಲ್ಲಿಸಿ, ತುಂಬಿದ ತಂಬಿಗೆಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿಯಲು ಹೇಳಿ, ನಿಧಾನವಾಗಿ ಹತ್ತು ಬೈಠಕ, ಅಂದರೆ ಬಸ್ಕಿ, ಹೊಡೆಸುತ್ತಿದ್ದರು. ನೀರು ಚೆಲ್ಲಬಾರದು, ಮೊಣಕಾಲು ಒಳಗೆ ವಾಲಬಾರದು, ಹಿಮ್ಮಡಿ ಬೂದಿ ಬಿಟ್ಟು ಏಳಬಾರದು. ಎದ್ದರೆ ಆ ಸಲ ಕುಸ್ತಿ ಇಲ್ಲ. ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಗೋಡೆ ಹಿಡಿದು ಬೈಠಕ. “ಬಿದ್ದು ಮುರಕೊಳ್ಳೋರು ಕಡಿಮಿ, ಮುರಿದು ಬೀಳೋರೇ ಹೆಚ್ಚು,” ಎನ್ನುತ್ತಿದ್ದರು.

ಅವರ ಕಣ್ಣಿಗೆ ಪೊರೆ ಬಂದ ಮೇಲೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಾನೇನು ದೊಡ್ಡ ಪೈಲ್ವಾನನಲ್ಲ, ಕಣ್ಣು ಮಾತ್ರ ಚುರುಕು. ಅದರ ಸೊಕ್ಕೂ ಇತ್ತು. ಹತ್ತನೆಯ ಬೈಠಕ ಮುಗಿದೊಡನೆ ಉಸ್ತಾದರು ಕೇಳುವರು: “ಹಿಮ್ಮಡಿ ನಿಂತದೇನು?” ನಾನು ಹೇಳಿದ್ದೇ ಕೊನೆಯ ಮಾತು.

ನನ್ನ ಗೆಳೆಯನೊಬ್ಬ ಗಂಜ್ ಬಜಾರಿನಲ್ಲಿ ತೊಗರಿ ಚೀಲ ಹೊರುವ ಹಮಾಲ. ಹೊಲ ಇಲ್ಲ, ಮನೆ ಇಲ್ಲ; ಕಾಲು ಗಟ್ಟಿಯಿದ್ದರೆ ಅವನ ಮನೆಯವರಿಗೆ ರೊಟ್ಟಿ. ಆ ವರ್ಷ ಪಂಚಮಿಗೆ ಕಮಲಾಪುರದಲ್ಲಿ ಅವನ ಕುಸ್ತಿ ನಿಶ್ಚಯವಾಗಿತ್ತು. ಹಿಂದಿನ ವರ್ಷ ನಮ್ಮವನೊಬ್ಬ ಬೂದಿಯ ಪರೀಕ್ಷೆಯಲ್ಲಿ ನಪಾಸಾಗಿ, ನಾವು ಅವರ ಪೈಲ್ವಾನನಿಗೆ ಜೋಡಿ ಕೊಟ್ಟಿರಲಿಲ್ಲ. ಆಗ ಕಮಲಾಪುರದವರು ಕಣದಲ್ಲೇ ಕೂಗಿದ್ದರು: “ತಡೀರಿ, ಬರತಾರ. ಕಲಬುರಗಿಯವರು ತಂಬಿಗಿ ಹಿಡಕೊಂಡು ಬಯಲಕಡಿಗಿ ಹೋಗ್ಯಾರ!” ಆ ನಗು ವರ್ಷವಿಡೀ ನನ್ನ ಕಿವಿಯಲ್ಲಿತ್ತು.

ಗೆಳೆಯ ಪರೀಕ್ಷೆಗೆ ಹದಿನೈದು ದಿನ ಮೊದಲು ಚೀಲದ ಕೆಳಗೆ ಬಲಗಾಲು ಹೊರಳಿಸಿಕೊಂಡಿದ್ದ. ಬೂದಿಯ ಮೇಲೆ ಎಂಟು ಬೈಠಕ ಸರಿ ಹೋದವು. ಒಂಬತ್ತನೆಯದರಲ್ಲಿ ಬಲ ಹಿಮ್ಮಡಿ ಎದ್ದಿತು, ಕೆಳಗೆ ಒಂದು ತೊಗರಿ ಕಾಳು ತೂರುವಷ್ಟು. ತಂಬಿಗೆಯ ನೀರು ತುಳುಕಲಿಲ್ಲ. ನೋಡಿದವನು ನಾನೊಬ್ಬನೇ.

“ಹಿಮ್ಮಡಿ ನಿಂತದೇನು?”

“ನಿಂತದ್ರಿ,” ಎಂದೆ. ಎಂದವನೇ ಬೂದಿಯ ಗುರುತನ್ನು ಕಾಲಿನಿಂದ ಒರೆಸಿದೆ. ಅವನೇನೂ ನನ್ನನ್ನು ಬೇಡಿರಲಿಲ್ಲ. ಸುಳ್ಳು ಪೂರ್ತಿ ನನ್ನದೇ.

ಕಮಲಾಪುರದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ಅವನು ಎದುರಾಳಿಯನ್ನು ಎತ್ತಿ ಬಲಗಾಲ ಮೇಲೆ ತಿರುಗಿದ. ಮೊಣಕಾಲು ಒಳಗೆ ವಾಲಿತು. ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಹಸಿ ಕಬ್ಬು ಮುರಿದಂಥ ಸದ್ದು ಬಂತು. ಹಿಂದಿನ ವರ್ಷ ನಕ್ಕವರೇ ತಮ್ಮ ರುಮಾಲು ಬಿಚ್ಚಿ ಅವನ ಕಾಲು ಕಟ್ಟಿದರು. ಬಂಡಿಯಲ್ಲಿ ಮರಳುವಾಗ ಉಸ್ತಾದರು ಒಮ್ಮೆ ಕೇಳಿದರು: “ನಿಂತಿತ್ತಲ್ಲ?” ನಾನು ಹೂಂ ಎಂದೆ. ಮರುದಿನದಿಂದ ಅವರು ನನ್ನನ್ನು ಕೇಳಲಿಲ್ಲ. ಕಾಣದ ಕಣ್ಣಿನಲ್ಲಿ ತಾವೇ ನೆಲಕ್ಕೆ ಕೂತು, ಪೈಲ್ವಾನರ ಹಿಮ್ಮಡಿಗೆ ಅಂಗೈ ಹಚ್ಚಿ ನೋಡತೊಡಗಿದರು.

ಗೆಳೆಯ ಮತ್ತೆ ಚೀಲ ಹೊರಲಿಲ್ಲ. ಗಂಜಿನಲ್ಲೇ ಕೂತು ಹರಿದ ಚೀಲ ಹೊಲಿಯುತ್ತಿದ್ದ, ಬಲಗಾಲು ನೆಟ್ಟಗೆ ಚಾಚಿಕೊಂಡು. ಆ ಕಾಲು ದಾಟಿ ಹೋಗಲಾರದೆ ನಾನು ಎಷ್ಟೋ ವರ್ಷ ಸುತ್ತುದಾರಿ ಹಿಡಿದೆ. ಉಸ್ತಾದರು ತೀರಿಕೊಂಡ ಮೇಲೆ ಒಂದು ದಿನ ತಡೆಯಲಾರದೆ ಅವನ ಮುಂದೆ ಕೂತು ಹೇಳಿಬಿಟ್ಟೆ: “ಅವತ್ತು ನಿನ್ನ ಹಿಮ್ಮಡಿ ಎದ್ದಿತ್ತು. ನಾ ನೋಡಿದ್ದೆ.”

ಅವನು ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ. ಬೈಯಲಿ ಎಂದು ಕಾದೆ.

“ಎದ್ದಂಗ ನನಗೂ ಅನಿಸಿತ್ತೋ,” ಎಂದ. “ಈ ಸಲ ಬ್ಯಾಡ್ರಿ ಅನ್ನಾಕ ಬಾಯಿ ತೆಗದಿದ್ದೆ. ಅಷ್ಟರಾಗ ನೀ ನಿಂತದ ಅಂದಿ. ನಿನ್ನ ಕಣ್ಣು ತಪ್ಪಂಗಿಲ್ಲ ಅಂತ, ನನ್ನ ಕಾಲಿನ ಮಾತು ನಾನೇ ಕೇಳಲಿಲ್ಲ.”

ದಾರ ಹಲ್ಲಿನಿಂದ ಕಡಿದು, ಮುಂದಿನ ಚೀಲ ಎಳೆದುಕೊಂಡ.