ಡ್ರಮ್ಮಿಲ್ಲದ ಹಾಡು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ವಾರವೆಲ್ಲ ಹಾಸಿಗೆಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಶನಿವಾರ ಸಂಜೆ ಮಾತ್ರ ಪಂಕ್ ರಾಕ್ ತಂಡವೊಂದರ ಮುಂದೆ ನಿಂತು, ಕತ್ತಿನ ನರ ಉಬ್ಬುವಂತೆ ಹಾಡುತ್ತಿದ್ದಳು. ಹಾಡು ಎನ್ನುವುದಕ್ಕಿಂತ ಅದನ್ನು ಜಗಳ ಎನ್ನಬಹುದಿತ್ತು. ಮನೆ ಮಾಲೀಕರಿಂದ ಹಿಡಿದು ಮೇಲ್ವಿಚಾರಕರವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಜನ ಅವಳಿಗೆ ಸೈರನ್ ಎಂದು ಹೆಸರಿಟ್ಟಿದ್ದರು. ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದವನು ಅವಳ ಅಣ್ಣ. ಹದಿನೇಳು ವರ್ಷ ಅವಳು ತಿರುಗಿ ನೋಡದೆ ಹಾಡಿದಳು. ಅವನ ಏಟು ಎಲ್ಲಿ ಬೀಳುತ್ತದೆಂದು ಅವಳ ಬೆನ್ನಿಗೇ ಗೊತ್ತಾಗುತ್ತಿತ್ತು.

ನಲವತ್ತಾರನೆಯ ವಯಸ್ಸಿಗೆ ಅಣ್ಣನಿಗೆ ಲಕ್ವ ಹೊಡೆಯಿತು. ಎಡಗೈ ಸ್ವಾಧೀನ ತಪ್ಪಿತು. ಅದು ಸಾಲದೆಂಬಂತೆ, ತುಸು ಜೋರು ಸದ್ದಾದರೂ ತಲೆ ಸಿಡಿಯುತ್ತಿತ್ತು. ಪಾತ್ರೆ ಬಿದ್ದರೆ ಹಲ್ಲು ಕಚ್ಚಿ ಕಣ್ಣು ಮುಚ್ಚಿಬಿಡುತ್ತಿದ್ದ. ಅವಳು ಅವನನ್ನು ತನ್ನ ಎರಡು ಕೋಣೆಯ ಮನೆಗೆ ಕರೆತಂದಳು; ಅವನ ಡ್ರಮ್ಮನ್ನೂ ತಂದು ಮೂಲೆಯಲ್ಲಿಟ್ಟಳು. ತಂಡ ತಾನಾಗಿಯೇ ಚೆದುರಿಹೋಯಿತು.

ಹಾಡದೆ ಇರುವುದು ಅವಳಿಂದ ಆಗಲಿಲ್ಲ. ಕರೆಂಟು ಬೇಡದ ಮರದ ಗಿಟಾರೊಂದನ್ನು ತಂದಳು. ಬೆಳಗಿನ ಪಾಳಿ ಮುಗಿಸಿ ಬಂದು, ಮಧ್ಯಾಹ್ನ ಅಣ್ಣ ಮಲಗಿದಾಗ ಅಡುಗೆಮನೆಯಲ್ಲಿ ಕೂತು, ಅಮೆರಿಕದ ಗಣಿಯಾಳುಗಳೂ ರೈಲ್ವೆ ಕೂಲಿಗಳೂ ಹಾಡಿಕೊಂಡ ಹಳೆಯ ಜನಪದ ಹಾಡುಗಳನ್ನು ಕಲಿತಳು. ಮೆಲ್ಲಗೆ ಹಾಡಲು ಹೋದರೆ ದನಿ ನಡುಗುತ್ತಿತ್ತು. ಇಷ್ಟು ವರ್ಷ ಅರಚಾಟದಲ್ಲಿ ಮುಚ್ಚಿಹೋಗಿದ್ದ ಅಪಸ್ವರವೆಲ್ಲ ಬಟಾಬಯಲಾಯಿತು. ಬರಬರುತ್ತಾ ದನಿ ಹದಕ್ಕೆ ಬಂತು; ಅವಳು ಸ್ವಂತ ಹಾಡನ್ನೂ ಕಟ್ಟಿದಳು. ಸತ್ತವರ ಹೊದಿಕೆಯನ್ನೂ ಬದುಕಿದವರ ಹೊದಿಕೆಯನ್ನೂ ಒಂದೇ ಯಂತ್ರದಲ್ಲಿ ಒಗೆಯುವ ಹಾಡು ಅದು.

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ, ಇಪ್ಪತ್ತು ಕುರ್ಚಿಗಳ ಮುಂದೆ, ಅದನ್ನು ಮೊದಲ ಸಲ ಹಾಡಿದಳು. ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಗೆಳೆಯ ಬಂದಿದ್ದ. ಮುಗಿದ ಮೇಲೆ ಬಾಗಿಲ ಬಳಿ ನಿಂತು ಹೇಳಿದ: "ಚೆನ್ನಾಗಿತ್ತು ಕಣೇ. ಆದ್ರೆ ಸೈರನ್‌ನ ಮಣ್ಣು ಮಾಡಿ ಬಂದ ಹಾಗಾಯ್ತು."

"ನನಗೂ ಹಾಗೇ ಅನ್ಸ್ತು," ಎಂದಳು ಅವಳು.

ಮರುದಿನ ಅಣ್ಣ ಕೇಳಿದ: "ಊರವರಿಗೆಲ್ಲ ಹಾಡ್ತೀಯ, ನನ್ನ ಕಂಡ್ರೆ ಮಾತ್ರ ನಿಲ್ಲಿಸ್ತೀಯ. ಕೂತ್ಕೊ, ಹಾಡು."

ಅವಳು ಮಂಚದ ತುದಿಯಲ್ಲಿ ಕೂತು ಹಾಡಿದಳು. ಅವನ ಬಲಗೈ ಬೆರಳುಗಳು ಹೊದಿಕೆಯ ಮೇಲೆ ತಾಳ ಹುಡುಕಿದವು, ಎರಡು ಸಲ ತಟ್ಟಿದವು, ನಿಂತವು.

"ನಾನು ಎಲ್ಲಿ ಸೇರ್ಕೋಬೇಕು ಇದ್ರಲ್ಲಿ?"

ಸುಳ್ಳು ಹೇಳೋಣವೆಂದರೆ ನಾಲಿಗೆ ಏಳಲಿಲ್ಲ. "ಇದಕ್ಕೆ ಡ್ರಮ್ ಇಲ್ಲ, ಅಣ್ಣಾ."

"ಗೊತ್ತು. ಸುಮ್ನೆ ಕೇಳ್ದೆ." ಅವನು ಗೋಡೆಯ ಕಡೆ ಹೊರಳಿದ. "ಡ್ರಮ್‌ನ ಯಾವುದಾದ್ರೂ ಶಾಲೆಗೆ ಕೊಟ್ಬಿಡು," ಎಂದ.

ಆ ವಾರವೇ ಶಾಲೆಯೊಂದರಿಂದ ಇಬ್ಬರು ಬಂದು ಡ್ರಮ್ಮನ್ನು ಹೊತ್ತುಕೊಂಡು ಹೋದರು. ಅವಳು ಮೆಟ್ಟಿಲ ಬಳಿ ಬಾಗಿಲು ತೆರೆದು ಹಿಡಿದು ನಿಂತಳು. ಅಣ್ಣ ಕೋಣೆಯಿಂದ ಹೊರಗೆ ಬರಲಿಲ್ಲ.