ಸಾಲೆಯಲ್ಲಿ ಮಾಸ್ತರ, ಮನೆಯಲ್ಲಿ ಮಾಮಾ

ಧನಪಾಲ ಉಗಾರ ಬುದ್ರುಕದ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದದ್ದು ಎಂಬತ್ತಾರರ ಮಳೆಗಾಲದಲ್ಲಿ. ರಾಯಬಾಗದ ಕಡೆಯ ಹಳ್ಳಿಯವನು, ತನ್ನ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಇರಲು ಖೋಲಿ ಸಿಕ್ಕಿತು, ಊಟದ್ದೇ ತೊಡಕಾಯಿತು. ಜೈನರ ಹುಡುಗ, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಖಾನಾವಳಿಯವನು ಒಲೆ ಹಚ್ಚುತ್ತಿದ್ದದ್ದೇ ಕತ್ತಲಾದ ಮೇಲೆ. ಕೆಲವು ದಿನ ಚುರಮುರಿಯಲ್ಲಿ ಕಳೆದ.

ಇದು ತಾರಾಬಾಯಿಯ ಕಿವಿಗೆ ಬಿತ್ತು. ಕಬ್ಬಿನ ಹೊಲವಿದ್ದ ಆಬಾಸಾಹೇಬನ ಹೆಂಡತಿ ಆಕೆ. ಬಸದಿಯ ಮುಂದೆ ಧನಪಾಲನನ್ನು ನಿಲ್ಲಿಸಿ ಊರು ಕೇಳಿದಳು. ಹೆಸರು ಹೇಳುತ್ತಲೇ ಆಕೆಯ ಮುಖ ಅರಳಿತು.

"ಅಯ್ಯ, ನನ್ನ ತವರೂರಂವ! ತಮ್ಮಾ, ನಿಮ್ಮ ಅಕ್ಕ ಇಲ್ಲೇ ಇರೂವಾಗ ಚುರಮುರಿ ತಿಂತಿಯೇನೋ, ಹುಚ್ಚಪ್ಪಾ?"

ಅಂದಿನಿಂದ ಸಂಜೆಯ ಊಟ ಆ ಮನೆಯಲ್ಲಾಯಿತು. ಅವನು ಕೊಟ್ಟ ಹಣವನ್ನು ತಾರಾಬಾಯಿ ಮುಟ್ಟಲಿಲ್ಲ. ಉಂಡ ಋಣಕ್ಕೆ ಅವರ ಮಗಳು ಸುಗಂಧಾಳಿಗೆ ಪಡಸಾಲೆಯಲ್ಲಿ ಲೆಕ್ಕ ಹೇಳಿಕೊಡತೊಡಗಿದ. ಹುಡುಗಿ ಚುರುಕು. ಸಾಲೆಯಲ್ಲಿ "ಸರ್" ಅನ್ನುವವಳು ಮನೆಯಲ್ಲಿ "ಮಾಮಾ" ಅನ್ನುತ್ತಿದ್ದಳು. ಆಬಾಸಾಹೇಬನಂತೂ ಹೆಂಡತಿಯ ತಮ್ಮನೆಂದು "ಏನ್ ಮೇವಣ್ಯಾ" ಎಂದೇ ಮಾತು ತೆಗೆಯುತ್ತಿದ್ದ. ಮನೆ ಬಿಟ್ಟು ಬಂದಿದ್ದ ಧನಪಾಲನಿಗೆ ಈ ಸಲಿಗೆ ಹಿತವಾಗಿತ್ತು.

ಮರುವರ್ಷ ಸುಗಂಧಾ ಹತ್ತನೆಯ ಇಯತ್ತೆಗೆ ಬಂದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಬಂತು. ಹಿಂದಿನ ಬಾಕಿನಿಂದ ಬಾಳು ಎಂಬ ಹುಡುಗ ಕೂಗಿದ: "ಮಾಮಾ ಪೇಪರ್ ತಗದ್ರ ಇನ್ನೇನ್ಲೇ ಮತ್ತ!" ವರ್ಗವೆಲ್ಲ ನಕ್ಕಿತು. ಧನಪಾಲ ಬಾಳುವನ್ನು ಹೊರಗೆ ನಿಲ್ಲಿಸಿದ. ಆದರೆ ಅವನನ್ನು ಚುಚ್ಚಿದ್ದು ಬಾಳುವಿನ ಮಾತಲ್ಲ. ಸುಗಂಧಾ ಸಿಟ್ಟಾಗಲಿಲ್ಲ, ಜಡೆ ತಿರುವುತ್ತ ತಾನೂ ನಕ್ಕಳು.

ಕನ್ನಡ ಕಲಿಸುತ್ತಿದ್ದ, ಸಾಲೆಯವರೆಲ್ಲ "ಬಾಯಿ" ಎಂದು ಕರೆಯುತ್ತಿದ್ದ ಹಿರಿಯ ಶಿಕ್ಷಕಿ ಚಂದ್ರಮತಿ ಸ್ಟಾಫ್‌ರೂಮಿನಲ್ಲಿ ಅವನೊಬ್ಬನೇ ಇದ್ದಾಗ ನೇರವಾಗಿ ಹೇಳಿದರು. "ಸರ್, ಆ ಮನಿ ಊಟ ಬಿಡ್ರಿ."

"ಯಾಕ್ರಿ ಬಾಯಿ? ಅವರು ನನಗ ಅಕ್ಕ ಆಗಬೇಕು. ಇದಕ್ಕಿಂತ ಸ್ವಚ್ಛ ಸಂಬಂಧ ಯಾವುದೈತ್ರಿ?"

"ಅಕ್ಕನ ಮಗಳನ್ನ ನಮ್ಮ ಕಡೆ ಯಾರಿಗೆ ಕೊಡತಾರ್ರಿ?"

ಧನಪಾಲ ಸಿಡುಕಿ ಎದ್ದು ಹೋದ. ಅಂದೂ ತಾರಾಬಾಯಿಯ ಮನೆಯಲ್ಲೇ ಉಂಡ.

ಸಂಕ್ರಮಣದ ದಿನ ಆಬಾಸಾಹೇಬ ಎಳ್ಳುಬೆಲ್ಲ ಕೈಗಿಡುತ್ತ ಅಂದ: "ಮೇವಣ್ಯಾ, ಪರೀಕ್ಷೆ ಒಂದು ಮುಗೀಲಿ. ಅಕ್ಷತಿ ಹಾಕಿಬಿಡೂಣು. ಕಬ್ಬಿನ ಬಿಲ್ಲೂ ಅಷ್ಟೊತ್ತಿಗೆ ಬರತೈತಿ."

"ಯಾರದ್ರಿ?"

"ಕೇಳತಾನ ನೋಡ, ಯಾರದಂತ!" ಎಂದು ಹೆಂಡತಿಯತ್ತ ನೋಡಿ ನಕ್ಕ.

"ಅಕ್ಕಾ, ನಾ ಆಕಿ ಮಾಸ್ತರ ಅದೇನಿ," ಎಂದ ಧನಪಾಲ.

"ಮಾಸ್ತರ ಸಾಲ್ಯಾಗಪಾ. ಮನ್ಯಾಗ ಮಾಮಾ," ಎಂದಳು ತಾರಾಬಾಯಿ. "ಡಿಗ್ರಿ ಗಂಡಗ ಅಡಾಣಿ ಹೆಂಡತಿ ಬ್ಯಾಡ ಅಂತ ಹೇಳೇ ಇಷ್ಟತನಕ ಓದಿಸೇವಿ. ಇಲ್ಲಂದ್ರ ಎಂದೋ ಸಾಲಿ ಬಿಡಸ್ತಿದ್ವಿ."

ಧನಪಾಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಈಗ ಒಲ್ಲೆನೆಂದರೆ ನಾಳೆಯೇ ಹುಡುಗಿಯ ಪುಸ್ತಕಗಳು ಅಟ್ಟ ಸೇರುತ್ತವೆ. ಸುಮ್ಮನಿದ್ದರೆ ಪರೀಕ್ಷೆ ಬರೆಯುತ್ತಾಳೆ, ಆಮೇಲೆ ಹೇಳಿದರಾಯಿತು. ಸುಮ್ಮನಿರುವುದೇ ಅವಳಿಗೆ ಒಳ್ಳೆಯದು ಎಂದುಕೊಂಡ. ಜ್ವರದ ನೆಪ ಹೇಳಿ ಊಟಕ್ಕೆ ಹೋಗುವುದನ್ನು ಕಡಿಮೆ ಮಾಡಿದ. ತಾರಾಬಾಯಿ ಗಂಜಿ ಕಳಿಸಿದಳು.

ಗಂಜಿಯ ತಂಬಿಗೆ ಹಿಡಿದು ಖೋಲಿಯ ಬಾಗಿಲಿಗೆ ಬಂದವಳು ಸುಗಂಧಾ. ಧನಪಾಲ ಹೊರಗೆ ಬಂದು ಕಟ್ಟೆಯ ಮೇಲೆ ನಿಂತ. ಅವಳು ನೆಲ ನೋಡುತ್ತ ಕೇಳಿದಳು: "ಮುಂದ ಕಾಲೇಜಿಗೆ ಹೋಗಲೋ ಬ್ಯಾಡೋ? ನೀವು ಹೆಂಗಂತೀರಿ ಹಂಗ."

"ನಿನಗೇನ ಅನಸತೈತಿ?"

"ನನಗೇನ ಅನಸೂದೈತಿ? ನಿಮಗ ಬ್ಯಾಡಾದ್ರ ನಾ ಯಾಕ ಹೋಗಲಿ?"

ಒಂದು ವರ್ಷದ ಹಿಂದೆ ಪ್ರಮೇಯಕ್ಕೆ ಬೇರೆ ದಾರಿ ಇದೆಯೆಂದು ಅವನ ಜೊತೆ ವಾದಿಸಿದ್ದ ಹುಡುಗಿ ಇವಳು. ತಾನು ಬಾಯಿ ಮುಚ್ಚಿಕೊಂಡ ಒಂದೊಂದು ದಿನವೂ ಅವಳಿಗೆ ಹೂಂ ಎಂದಂತೆ ಕೇಳುತ್ತಿತ್ತೆಂದು ಅವನಿಗೆ ಆಗ ತಿಳಿಯಿತು.

ಮರುದಿನ ಚಂದ್ರಮತಿಯವರನ್ನು ಕರೆದುಕೊಂಡು ಆಬಾಸಾಹೇಬನ ಪಡಸಾಲೆಗೆ ಹೋದ. ಸುಗಂಧಾಳೂ ಇರಲಿ ಎಂದ. ಕುಳಿತುಕೊಳ್ಳಲಿಲ್ಲ.

"ಅಕ್ಕಾ, ತಪ್ಪು ನಂದು. ಮನಿಯಂವನಂಗ ಇದ್ದೆ, ನಿಮಗ ಹಂಗ ಅನಿಸಿದ್ದರಾಗ ನಿಮ್ಮದೇನೂ ಇಲ್ಲ. ಆದ್ರ ನಾ ಕಲಿಸೂ ಹುಡುಗಿನ್ನ ನಾ ಮಾಡ್ಕೋಳೂದುಲ್ಲ. ಇವತ್ತೂ ಇಲ್ಲ, ಪರೀಕ್ಷೆ ಮುಗಿದ ಮ್ಯಾಲೂ ಇಲ್ಲ. ಊಟಕ್ಕೂ ಬರೂದುಲ್ಲ. ಆಕಿನ್ನ ಸಾಲಿ ಮಾತ್ರ ಬಿಡಿಸಬ್ಯಾಡ್ರಿ."

"ನನ್ನ ಕೈಯಾಗ ಉಂಡು, ನನ್ನ ಮಗಳನ್ನ ಬ್ಯಾಡಂದಿ," ಎಂದಳು ತಾರಾಬಾಯಿ. "ಇನ್ನ ನನಗ ಅಕ್ಕಾ ಅನಬ್ಯಾಡ."

ಆಬಾಸಾಹೇಬ ಬಾಗಿಲು ತೋರಿಸಿದ. ಸುಗಂಧಾ ಆಗಲೇ ಒಳಗೆ ಹೋಗಿದ್ದಳು.

ಮರುದಿನದಿಂದ ವರ್ಗದಲ್ಲಿ ಸುಗಂಧಾಳ ಜಾಗ ಖಾಲಿ. ಚಂದ್ರಮತಿ ಸಾಲೆ ಬಿಟ್ಟ ಮೇಲೆ ಆ ಮನೆಗೆ ಹೋಗಿಬರುತ್ತಿದ್ದರು. ಮನೆಯವರು ಒಮ್ಮೆ ಹೊಸ್ತಿಲ ಹೊರಗೇ ನಿಲ್ಲಿಸಿದರು, ಒಮ್ಮೆ ಚಹಾ ಕೊಟ್ಟರು. "ಓದಾಕತ್ತಾಳೇನ್ರಿ?" ಎಂದು ಧನಪಾಲ ಕೇಳಿದರೆ "ಗೊತ್ತಿಲ್ರಿ, ನನ್ನ ಮುಂದ ಪುಸ್ತಕ ತಗಿಯೂದುಲ್ಲ" ಎನ್ನುತ್ತಿದ್ದರು. ಊರಲ್ಲಿ ಅವನ ಬಗ್ಗೆ ಎರಡು ಮಾತು ಹುಟ್ಟಿದ್ದವು. ಹುಡುಗಿಯನ್ನು ಕೆಡಿಸಿ ಕೈಬಿಟ್ಟ ಎಂಬುದೊಂದು, ವರದಕ್ಷಿಣೆ ಕಡಿಮೆಯಾಯಿತು ಎಂಬುದೊಂದು.

ಪರೀಕ್ಷೆಯ ಕೇಂದ್ರ ಕಾಗವಾಡದಲ್ಲಿತ್ತು. ಗಣಿತದ ದಿನ ಧನಪಾಲ, ಚಂದ್ರಮತಿ ತಮ್ಮ ಸಾಲೆಯ ಮಕ್ಕಳಿಗಾಗಿ ಗೇಟಿನ ಬಳಿ ಕಾಯುತ್ತಿದ್ದರು. ಟ್ರಾಕ್ಟರೊಂದು ಬಂದು ನಿಂತಿತು. ಆಬಾಸಾಹೇಬನ ಹಿಂದೆ ಸುಗಂಧಾ ಇಳಿದಳು, ತೆಳ್ಳಗಾಗಿದ್ದಳು.

ಧನಪಾಲ ನಮಸ್ಕಾರ ಮಾಡಿದ. ಆಬಾಸಾಹೇಬ ಕೈ ಎತ್ತಲಿಲ್ಲ. "ನೀ ಹೇಳಿದ್ದಕ್ಕ ಕರ್ಕೊಂಬಂದಿಲ್ಲ. ಅಥಣಿ ಕಡೆ ಗಂಡು ನೋಡೇವಿ. ಅವರಿಗೂ ಪಾಸಾದಾಕಿನ ಬೇಕಂತ."

ಧನಪಾಲನಿಗೆ ಮೊದಲು ಎದೆ ಹಗುರಾಯಿತು. ಆಮೇಲೆ ಆ ಹಗುರಕ್ಕೇ ನಾಚಿಕೆಯಾಯಿತು.

ಸುಗಂಧಾ ಪುಸ್ತಕ ತೆರೆದು ಚಂದ್ರಮತಿಯವರ ಹತ್ತಿರ ಬಂದಳು. "ಬಾಯಿ, ಈ ಸ್ಪರ್ಶಕದ ಪ್ರಮೇಯದಾಗ ಮೂರನೇ ಹಂತ ಹೆಂಗ ಬಂತ್ರಿ?"

ಕನ್ನಡದ ಬಾಯಿ ಗಾಬರಿಯಾಗಿ ಧನಪಾಲನ ಮುಖ ನೋಡಿದರು. ಅವನು ಇದ್ದಲ್ಲಿಂದ ಕದಲಲಿಲ್ಲ. ಚಂದ್ರಮತಿಯವರನ್ನೇ ನೋಡುತ್ತ, ಅವರಿಗೇ ಕಲಿಸುವವನ ಹಾಗೆ, ತ್ರಿಜ್ಯದಿಂದ ಹಿಡಿದು ಸಾವಕಾಶ ಹೇಳಿದ. ಅವರು ಒಂದೊಂದೇ ವಾಕ್ಯವನ್ನು ಹುಡುಗಿಗೆ ತಿರುಗಿ ಹೇಳಿದರು. ಸುಗಂಧಾ ತಲೆ ಎತ್ತದೆ ಕೇಳಿಸಿಕೊಂಡು, "ತಿಳೀತ್ರಿ ಬಾಯಿ" ಎಂದು ಒಳಗೆ ಹೋದಳು.